ಐಟಿ ಸಪೋರ್ಟ್ ಕೆಲಸಕ್ಕೆ ತಯಾರಿ: ಒಂಬತ್ತು ವಾರಗಳ ಟಿಪ್ಪಣಿ

ವಾರ 1

ಹಾಳೆಯ ಮೇಲೆ ನಾಲ್ಕು ಸರ್ಟಿಫಿಕೇಟ್‌ಗಳ ಹೆಸರು ಬರೆದುಕೊಂಡೆ. ಕಾಂಪ್‌ಟಿಯಾ ಎ ಪ್ಲಸ್, ಗೂಗಲ್ ಐಟಿ ಸಪೋರ್ಟ್, ಸಿಸ್ಕೋ ಸಿಸಿಎನ್‌ಎ, ಐಟಿಐಎಲ್ ಫೌಂಡೇಶನ್. ಯಾವುದು ಮೊದಲು ಅಂತ ಕೇಳಿದರೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನೇ ಹೇಳಿದರು. ಹಾಗಾಗಿ ಕೆಲಸದ ಕಡೆಯಿಂದಲೇ ಹುಡುಕೋಣ ಅನ್ನಿಸಿತು. ಹೆಲ್ಪ್‌ಡೆಸ್ಕ್ (ಕಂಪ್ಯೂಟರ್ ತೊಂದರೆ ಅಂತ ಕರೆ ಮಾಡುವವರಿಗೆ ನೆರವಾಗುವ) ಕೆಲಸದ ಇಪ್ಪತ್ತು ಜಾಹೀರಾತು ಓದಿ, ಅವರು ಏನು ಕೇಳುತ್ತಾರೆ ಅಂತ ಶೀಟ್‌ನಲ್ಲಿ ತುಂಬಿದೆ. ಸರ್ಟಿಫಿಕೇಟ್‌ಗಳ ಹೆಸರಿಗಿಂತ ಜಾಸ್ತಿ ಸಲ ಬಂದದ್ದು ದಿನದಿನದ ಕೆಲಸಗಳು: ಆಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ಬಳಕೆದಾರರು, ಕಂಪ್ಯೂಟರ್‌ಗಳ ಪಟ್ಟಿ ಇಡುವ ವಿಂಡೋಸ್ ವ್ಯವಸ್ಥೆ) ಪಾಸ್‌ವರ್ಡ್ ರೀಸೆಟ್, ವಿಪಿಎನ್ (ಹೊರಗಿನಿಂದ ಕಚೇರಿಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ), ಪ್ರಿಂಟರ್, ಟಿಕೆಟ್ (ಒಂದೊಂದು ದೂರಿನ ದಾಖಲೆ) ಬರೆಯೋದು. ಈ ಶೀಟನ್ನು ಗೋಡೆಗೆ ಅಂಟಿಸಿದ್ದೇನೆ. ಯಾವ ಕೋರ್ಸ್ ನೋಡಿದರೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ವಾರ 2

ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಎಂಸಿಎಸ್‌ಇ (ಮೈಕ್ರೋಸಾಫ್ಟ್‌ನ ಒಂದು ಸರ್ಟಿಫಿಕೇಟ್) ಕಲಿಸುತ್ತೇವೆ, ಕೆಲಸ ಗ್ಯಾರಂಟಿ ಅಂದರು. ಬಂದು ನೋಡಿದರೆ ಮೈಕ್ರೋಸಾಫ್ಟ್ ಆ ಪರೀಕ್ಷೆಗಳನ್ನು 2021ರ ಜನವರಿ 31ಕ್ಕೇ ನಿಲ್ಲಿಸಿದೆ! ದುಡ್ಡು ಕಟ್ಟಿರಲಿಲ್ಲ, ಆದರೂ ಬೇಜಾರಾಯಿತು. ಗೊತ್ತಿಲ್ಲದೆ ಸೇರುವವರು ಎಷ್ಟು ಜನ ಇರಬಹುದು ಅಲ್ವಾ? ದಯವಿಟ್ಟು ಫೀಸ್ ಕಟ್ಟುವ ಮುಂಚೆ ಪರೀಕ್ಷೆಯ ಕೋಡ್ ನಂಬರ್ ಕೇಳಿ. ಅದು ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಪರೀಕ್ಷೆ ನಡೆಸುವವರ ಸೈಟಿನಲ್ಲೇ ನೋಡಿ.

ನನಗೆ ಸಿಕ್ಕಿದ್ದ ಎ ಪ್ಲಸ್ ಪುಸ್ತಕಕ್ಕೂ ಇದೇ ಕಥೆ. ಅದು 220-1101 ಮತ್ತು 1102 ಕೋಡ್‌ನ ಪರೀಕ್ಷೆಗಳದ್ದು. 2025ರ ಮಾರ್ಚ್‌ನಲ್ಲಿ 220-1201, 1202 ಬಂದವು, ಹಳೆಯವು ಅದೇ ಸೆಪ್ಟೆಂಬರ್‌ನಲ್ಲಿ ಮುಗಿದವು. ಹಾರ್ಡ್‌ವೇರ್ ಪಾಠಗಳಿಗೆ ಪುಸ್ತಕ ಈಗಲೂ ಉಪಯೋಗಕ್ಕೆ ಬರುತ್ತದೆ, ಇಟ್ಟುಕೊಂಡಿದ್ದೇನೆ.

ವಾರ 3

ಎ ಪ್ಲಸ್‌ನ ಪಠ್ಯಕ್ರಮ, ಅಂದರೆ ಆಬ್ಜೆಕ್ಟಿವ್ಸ್ ಪಟ್ಟಿ, ಪುಕ್ಕಟೆ ಸಿಗುತ್ತದೆ. ಅದನ್ನು ಗೋಡೆಯ ಶೀಟಿನ ಜೊತೆ ಸಾಲುಸಾಲಾಗಿ ಹೋಲಿಸಿದೆ. ಮೂರು ಸಂಜೆ ಹಿಡಿಯಿತು. ಮೊದಲ ಪರೀಕ್ಷೆ ಕೋರ್ 1ರಲ್ಲಿ ಹಾರ್ಡ್‌ವೇರ್, ನೆಟ್‌ವರ್ಕ್ ಮತ್ತು ಅವು ಕೆಟ್ಟಾಗ ಸರಿಮಾಡುವುದು. ಎರಡನೇ ಪರೀಕ್ಷೆ ಕೋರ್ 2ರಲ್ಲಿ ಆಪರೇಟಿಂಗ್ ಸಿಸ್ಟಮ್, ಸೆಕ್ಯುರಿಟಿ, ಗ್ರಾಹಕರ ಜೊತೆ ನಡೆದುಕೊಳ್ಳುವ ರೀತಿ, ದಾಖಲೆ ಬರೆಯುವುದು. ನನ್ನ ಶೀಟಿನ ಬಹುಪಾಲು ಇದರೊಳಗೇ ಇದೆ. ಸಿಸಿಎನ್‌ಎ ಒಳ್ಳೆಯದೇ, ಆದರೆ ಅದು ರೂಟರ್, ಸ್ವಿಚ್ ನೋಡಿಕೊಳ್ಳುವವರಿಗೆ. ಐಟಿಐಎಲ್ ಸೇವೆ ನಡೆಸುವ ಪದ್ಧತಿ ಹೇಳುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಓದಿದರೆ ಚೆನ್ನಾಗಿ ತಲೆಗೆ ಹತ್ತೀತು.

ತೀರ್ಮಾನ: ತಳಪಾಯಕ್ಕೆ ಗೂಗಲ್ ಕೋರ್ಸ್, ಪರೀಕ್ಷೆಗೆ ಎ ಪ್ಲಸ್. ಗೂಗಲ್‌ನದ್ದು 2018ರಿಂದ ಕೋರ್ಸೆರಾ ಅನ್ನುವ ಆನ್‌ಲೈನ್ ಕಲಿಕೆಯ ಸೈಟಿನಲ್ಲಿದೆ, ಏನೂ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ಎ ಪ್ಲಸ್‌ನಲ್ಲಿ ಎರಡು ಪರೀಕ್ಷೆ. ಒಂದೊಂದಕ್ಕೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಅಳತೆಯಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. ಪಾಸಾದರೆ ಮೂರು ವರ್ಷ ಚಾಲ್ತಿ. ಸುಮ್ನೆ ಟಿಕ್ ಹಾಕುವ ಪ್ರಶ್ನೆಗಳಷ್ಟೇ ಅಲ್ಲ, ಮಾಡಿ ತೋರಿಸುವ ಪ್ರಶ್ನೆಗಳೂ ಇರುತ್ತವೆ. ಅದಕ್ಕೇ ಅಭ್ಯಾಸಕ್ಕೆ ನನ್ನದೇ ಲ್ಯಾಬ್ ಬೇಕು.

ವಾರ 5 ಮತ್ತು 6

ಲ್ಯಾಬ್ ಎದ್ದು ನಿಂತಿತು! 16 ಜಿಬಿ ರ್‍ಯಾಮ್ ಇರುವ ಹಳೇ ಕಂಪ್ಯೂಟರ್, ಅದರಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್). ವಿಂಡೋಸ್ ಸರ್ವರ್ ಅನ್ನು 180 ದಿನ ಪುಕ್ಕಟೆ ಬಳಸಿ ನೋಡಬಹುದು. ಸರ್ವರ್ ಒಂದು, ಅದರ ಸೇವೆ ಬಳಸುವ ವಿಂಡೋಸ್ 11 ಕ್ಲೈಂಟ್ ಒಂದು.

ಕ್ಲೈಂಟ್ ಅನ್ನು ಡೊಮೇನ್‌ಗೆ (ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವ ಕಂಪ್ಯೂಟರ್‌ಗಳ ಗುಂಪಿಗೆ) ಸೇರಿಸಲು ಹೋದರೆ ಡೊಮೇನ್ ಕಂಟ್ರೋಲರ್, ಅಂದರೆ ಆ ಗುಂಪನ್ನು ನಡೆಸುವ ಸರ್ವರ್, ಸಿಗುತ್ತಿಲ್ಲ ಅಂತ ಬಂತು. ಸರ್ವರ್‌ನ ಐಪಿಗೆ (ನೆಟ್‌ವರ್ಕ್ ವಿಳಾಸಕ್ಕೆ) ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಕೇಳಿದರೆ, ಉತ್ತರ ಬರುತ್ತಿದೆ. ಎರಡು ರಾತ್ರಿ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ವ್ಯವಸ್ಥೆ) ಕೆದಕಿದೆ, ಸರ್ವರ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಮೂರನೇ ದಿನ ಕೋರ್ಸ್‌ನಲ್ಲಿ ಹೇಳಿದ ಕ್ರಮ ಹಿಡಿದೆ: ಒಂದು ಊಹೆ ಮಾಡು, ಅದನ್ನು ಪರೀಕ್ಷಿಸು, ಆಮೇಲೆ ಮುಟ್ಟು. ಪಿಂಗ್ ಹೋಗುತ್ತದೆ ಅಂದಮೇಲೆ ದಾರಿ ಸರಿಯಿದೆ, ಹೆಸರು ಹುಡುಕುವುದರಲ್ಲಿ ತೊಂದರೆ ಇರಬೇಕು. ಹೆಸರಿಗೆ ವಿಳಾಸ ಹುಡುಕಿ ತೋರಿಸುವ ಎನ್‌ಎಸ್‌ಲುಕಪ್ ಓಡಿಸಿದೆ. ಡೊಮೇನ್ ಹೆಸರು ಸಿಗಲೇ ಇಲ್ಲ. ಕ್ಲೈಂಟ್ ಹೊರಗಿನ ಡಿಎನ್‌ಎಸ್ ಅನ್ನು (ಹೆಸರಿಗೆ ವಿಳಾಸ ಹೇಳುವ ಸರ್ವರ್ ಅನ್ನು) ಕೇಳುತ್ತಿತ್ತು, ನನ್ನ ಲ್ಯಾಬಿನ ಡೊಮೇನ್ ಅದಕ್ಕೆ ಹೇಗೆ ಗೊತ್ತಿರಬೇಕು? ಡಿಎನ್‌ಎಸ್ ಜಾಗದಲ್ಲಿ ಸರ್ವರ್‌ನ ವಿಳಾಸ ಹಾಕಿದೆ. ಒಂದೇ ನಿಮಿಷದಲ್ಲಿ ಸೇರಿತು. ಖುಷಿಗೆ ಎದ್ದು ಓಡಾಡಿದೆ.

ಮುಂದಿನ ವಾರ ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ ಹಾಕಿದಾಗ ಕ್ಲೈಂಟ್‌ಗೆ 169.254ರಿಂದ ಶುರುವಾಗುವ ವಿಳಾಸ ಬಂತು. ಅಂದರೆ ವಿಳಾಸ ಕೊಡುವವರು ಯಾರೂ ಸಿಗದೆ ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ. ಈ ಸಲ ಹತ್ತೇ ನಿಮಿಷ ಸಾಕಾಯಿತು. ಆಕ್ಟಿವ್ ಡೈರೆಕ್ಟರಿಯಲ್ಲಿ ಡಿಎಚ್‌ಸಿಪಿ ಸರ್ವರ್‌ಗೆ ಅನುಮತಿ ಕೊಟ್ಟಿರಲಿಲ್ಲ.

ವಾರ 8

ಒಂದು ಬದಲಾವಣೆ. ಈಗ ಲ್ಯಾಬಿನಲ್ಲಿ ಕೆಟ್ಟಿದ್ದಕ್ಕೆಲ್ಲ ಟಿಕೆಟ್ ಬರೆಯುತ್ತೇನೆ, ಓಎಸ್‌ಟಿಕೆಟ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ. ಮೊದಲ ಟಿಕೆಟ್‌ನಲ್ಲಿ “ಡಿಎನ್‌ಎಸ್ ಸರಿ ಮಾಡಿದೆ” ಅಂತಷ್ಟೇ ಬರೆದಿದ್ದೆ. ವಾರ ಬಿಟ್ಟು ಓದಿದರೆ ನನಗೇ ಏನೂ ತಿಳಿಯಲಿಲ್ಲ. ಈಗ ಬಂದ ದೂರು, ಕಂಡದ್ದು, ಮಾಡಿ ನೋಡಿದ್ದು, ಕೊನೆಗೆ ಬದಲಾಯಿಸಿದ್ದು, ಎಲ್ಲ ಬರೆಯುತ್ತೇನೆ. ಇಂಥ 23 ಟಿಕೆಟ್ ಆಗಿವೆ. ಸಂದರ್ಶನದಲ್ಲಿ ತೋರಿಸಲು ನನ್ನ ಕೈಯಲ್ಲಿ ಏನಾದರೂ ಇದೆ ಅಂದರೆ ಇವೇ.

ಪರೀಕ್ಷೆಯ ಪ್ರಶ್ನೆಗಳೇ ಇವೆ ಅಂತ ಒಬ್ಬರು ಫೈಲ್ ಕಳಿಸಿದ್ದರು. ತೆರೆಯಲಿಲ್ಲ, ಅಳಿಸಿದೆ. ಹಾಗೆ ಪಾಸಾದದ್ದು ಗೊತ್ತಾದರೆ ಸರ್ಟಿಫಿಕೇಟ್ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ನಾಳೆ ಫೋನ್ ಮಾಡುವವರ ಕಂಪ್ಯೂಟರ್ ಮುಂದೆ ಆ ಫೈಲ್ ನನಗೆ ಏನೂ ಹೇಳಿಕೊಡುವುದಿಲ್ಲ.

ವಾರ 9

ಅಭ್ಯಾಸ ಪರೀಕ್ಷೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಹೋಗುತ್ತಿದೆ. ಪ್ರಿಂಟರ್‌ನಲ್ಲಿ ಮಾತ್ರ ಪದೇಪದೇ ತಪ್ಪುತ್ತಿದ್ದೇನೆ. ಲೇಸರ್ ಪ್ರಿಂಟರ್ ಮುದ್ರಿಸುವ ಏಳು ಹಂತಗಳು ಬಾಯಿಗೆ ಬಂದಿವೆ, ಆದರೆ ಕಾಗದದ ಮೇಲಿನ ಟೋನರ್ ಪುಡಿ ಕೈಗೆ ಅಂಟಿದರೆ ಅದನ್ನು ಬಿಸಿಯಿಂದ ಕಾಗದಕ್ಕೆ ಕೂರಿಸುವ ಫ್ಯೂಸರ್ ನೋಡಬೇಕು ಅನ್ನುವುದು ತಕ್ಷಣ ಹೊಳೆಯುವುದಿಲ್ಲ. ಪರಿಚಯದವರ ಬಳಿ ಕೆಟ್ಟ ಲೇಸರ್ ಪ್ರಿಂಟರ್ ಒಂದಿದೆ, ಬಿಚ್ಚಿ ನೋಡು ಅಂದಿದ್ದಾರೆ. ಶನಿವಾರ ತರುತ್ತೇನೆ. ಕೋರ್ 1 ಪರೀಕ್ಷೆಗೆ ಇನ್ನು ಮೂರು ವಾರ.