ಅದ್ಯಾಕೆ ಹಿಂಗಿಲ್ಲ?

ಭಾನುವಾರ ಊರಿಗೆ ಹೋದರೆ ಅಡುಗೆಮನೆಯಿಂದ ಟಕ್ ಟಕ್ ಸದ್ದು. ಸ್ಟ್ರೋಕ್ ಆದಮೇಲೆ ಅಜ್ಜಿಯ ಎಲೆಅಡಿಕೆ ನಿಂತುಹೋಗಿತ್ತು. ಕುಟ್ಟಾಣಿ ಮತ್ತೆ ಯಾಕೆ ಹೊರಗೆ ಬಂತು ಅಂತ ನೋಡಿದರೆ, ಅಮ್ಮ ಅದರಲ್ಲಿ ಬಿಪಿ ಮಾತ್ರೆ ಕುಟ್ಟುತ್ತಿದ್ದಳು.

"ಗಂಟಲಲ್ಲೇ ಸಿಕ್ಕೊಳ್ಳುತ್ತೆ ಕಣೆ. ಪುಡಿ ಮಾಡಿ ಜೇನುತುಪ್ಪದಲ್ಲಿ ನೆಕ್ಕಿಸ್ತೀನಿ." ಮುಖದಲ್ಲಿ ಹೆಮ್ಮೆ ಬೇರೆ.

ಸ್ಟ್ರಿಪ್ ತಿರುಗಿಸಿದೆ. ಹೆಸರಿನ ಪಕ್ಕ ಎಕ್ಸ್‌ಎಲ್ ಅಂತಿತ್ತು. ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧಿ ಬಿಡುವ ಮಾತ್ರೆ. ಕುಟ್ಟಿದರೆ ದಿನದ ಪಾಲೆಲ್ಲ ಒಟ್ಟಿಗೇ ರಕ್ತಕ್ಕೆ. ಬಿಪಿ, ನಾಡಿ ಎರಡೂ ಕುಸಿಯಬಹುದು. ಬರೆದುಕೊಟ್ಟ ಡಾಕ್ಟರು "ನುಂಗೋಕಾಗುತ್ತಾ?" ಅಂತ ಕೇಳಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ. "ಬಾಳೆಹಣ್ಣಲ್ಲಿಟ್ಟು ನುಂಗಿಸಿ" ಅಂದ ಮಾವನಿಗಂತೂ ಎಲ್ಲದಕ್ಕೂ ಬಾಳೆಹಣ್ಣೇ ಮದ್ದು. ಫೋನ್ ಮಾಡಿದೆ. ಡಾಕ್ಟರು ಪುಡಿ ಮಾಡಬಹುದಾದ ಬೇರೆ ಮಾತ್ರೆ ಹೇಳಿದರು. ಅಜ್ಜಿಗೆ ವಾಕರಿಕೆ ಇದೆ ಎಂದಾಗ ಒಂಡಾನ್‌ಸೆಟ್ರಾನ್ ಎಂಡಿ ಅಂದರು. ಎಂಡಿ ಅಂದರೆ ಬಾಯಲ್ಲೇ ಕರಗುವಂಥದ್ದು.

ಅಜ್ಜಿಯ ನಾಲಿಗೆ ಮೇಲಿಟ್ಟೆ. ಅಭ್ಯಾಸಬಲ, ಸ್ಟಾಪ್‌ವಾಚ್ ಒತ್ತಿಬಿಟ್ಟೆ. ಅವಳ ಬಾಯಿ ಒಣಗಿತ್ತು. ಒಂದು ನಿಮಿಷ ದಾಟಿತು. ಆಮೇಲೆ ತುಟಿ ಸವರಿಕೊಂಡು "ಸಿಹಿ" ಎಂದಳು. ಸರಿಯಿರುವ ಕೈಯಲ್ಲಿ ಕುಟ್ಟಾಣಿ ತೋರಿಸಿದಳು. "ಅದ್ಯಾಕೆ ಹಿಂಗಿಲ್ಲ?"

ಮಾತು ತೊದಲುತ್ತದೆ, ಎರಡನೇ ಸಲಕ್ಕೆ ಅರ್ಥವಾಯಿತು.

ಎಂ.ಫಾರ್ಮ್‌ನಲ್ಲಿ ನನ್ನ ಪ್ರಾಜೆಕ್ಟೇ ಇದು, ಬಾಯಲ್ಲಿ ಕರಗುವ ಮಾತ್ರೆ! ವೈವಾಗೆ ಉತ್ತರ ರೆಡಿ ಇದೆ. ಹೆಪ್ಪುಗಟ್ಟಿಸಿ ಒಣಗಿಸುವ ಜೈಡಿಸ್ ಎಂಬ ತಂತ್ರದ ಮಾತ್ರೆ ಬಾಯಿಗಿಟ್ಟ ಕೂಡಲೇ ಮಾಯ, ಆದರೆ ಯಂತ್ರ ದುಬಾರಿ. ಹಾಗಾಗಿ ನಮ್ಮದು ಪುಡಿಯನ್ನು ಮಾತ್ರೆಯಾಗಿ ಒತ್ತುವ ಮಾಮೂಲಿ ಪಂಚಿಂಗ್ ಮೆಷಿನ್. ಸಿಹಿಗೆ ಮ್ಯಾನಿಟಾಲ್, ನೀರು ಹೀರಿ ಒಡೆಯಲು ಕ್ರಾಸ್‌ಪೊವಿಡೋನ್. ಜೊತೆಗೆ ಕರ್ಪೂರ. ಮಾತ್ರೆ ಒತ್ತಿದ ಮೇಲೆ 60 ಡಿಗ್ರಿ ಓವನ್‌ನಲ್ಲಿಟ್ಟರೆ ಕರ್ಪೂರ ಹಾರಿಹೋಗಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಲ್ಯಾಬ್ ತುಂಬ ಮಂಗಳಾರತಿ ವಾಸನೆ. ಆದರೆ ತೂತಿನ ಮಾತ್ರೆ ಬೇಗ ಪುಡಿಯಾಗುತ್ತದೆ, ತೇವ ಎಳೆದುಕೊಳ್ಳುತ್ತದೆ. ಸ್ಟ್ರಿಪ್‌ನ ಎರಡೂ ಕಡೆ ದಪ್ಪ ಅಲ್ಯೂಮಿನಿಯಂ ಬೇಕು. ಮಾಡುವುದರಲ್ಲಿ ಉಳಿಸಿದ್ದು ಪ್ಯಾಕಿಂಗ್‌ಗೆ ಹೋಯಿತು. ಕಹಿ ಔಷಧಿಗೆ, ನಿಧಾನ ಬಿಡಬೇಕಾದ ಔಷಧಿಗೆ ಪ್ರತಿ ಕಣಕ್ಕೂ ಪದರ ಬಳಿಯಬೇಕು. ಅದಕ್ಕೆ ಇನ್ನಷ್ಟು ಖರ್ಚು.

ಇದನ್ನೆಲ್ಲ ಅಜ್ಜಿಗೆ ಹೇಗೆ ಹೇಳುವುದು? "ಕಷ್ಟ ಅಜ್ಜಿ" ಅಂದೆ. ಅವಳು ಕುಟ್ಟಾಣಿಯನ್ನೇ ನೋಡುತ್ತಿದ್ದಳು.

ಅಮೆರಿಕದ ಲೆಕ್ಕದಲ್ಲಿ ಇಂಥ ಮಾತ್ರೆ ಸುಮಾರು 30 ಸೆಕೆಂಡಿನಲ್ಲಿ ಒಡೆಯಬೇಕು, ಯುರೋಪಿನಲ್ಲಿ 3 ನಿಮಿಷದೊಳಗೆ. ನನ್ನದು ಬೀಕರ್‌ನಲ್ಲಿ 22 ಸೆಕೆಂಡ್. ಗೈಡ್‌ಗೆ ಖುಷಿಯೋ ಖುಷಿ, ಪೇಪರ್ ಆಗುತ್ತೆ ಅಂತ. ಒಳ್ಳೆಯವರೇ, ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ನಮ್ಮ ಮಾತಲ್ಲಿ ರೋಗಿಯ ಬಾಯಿ ಬಂದಿಲ್ಲ. ಬೀಕರ್‌ನ ಬಾಯಿ ಒಣಗೋದಿಲ್ಲ, ಅಲ್ವಾ?

ಸೋಮವಾರ ಬೆಳಿಗ್ಗೆ ಎದ್ದಾಗ ಅಜ್ಜಿ ಎಂಡಿ ಸ್ಟ್ರಿಪ್‌ನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದೇ ಕೈಯಲ್ಲಿ ಎಳೆಯುತ್ತಿದ್ದಳು. ನಾನು ಕಸಿದುಕೊಂಡೆ. ಅದಕ್ಕೆ ಸಿಟ್ಟು ಮಾಡಿಕೊಂಡಳು.

ಇವತ್ತು ಲ್ಯಾಬ್‌ನಲ್ಲಿ ಯಾರೂ ಇಲ್ಲದಾಗ ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ಸ್ಯಾಂಪಲ್ ಸ್ಟ್ರಿಪ್ ಬಿಡಿಸಲು ಕೂತೆ. ಆರರಲ್ಲಿ ನಾಲ್ಕು ಒಳಗೇ ಪುಡಿಯಾದವು.