ನಡೆಯುವ ಕಲ್ಲುಗಳ ದಾರಿಯಲ್ಲಿ ಒಂದು ಸ್ಟೆಪ್ನಿ

ಟೀಕೆಟಲ್ ಜಂಕ್ಷನ್ ದಾಟಿ ಎರಡು ಮೈಲಿ ಹೋಗಿರಬೇಕು. ಹಿಂದಿನ ಎಡಗಡೆಯಿಂದ ಬುಸ್ ಅಂತ ಸದ್ದು ಬಂತು. ವ್ಯಾನು ಆ ಕಡೆಗೆ ವಾಲಿತು. "ನಿಲ್ಲಿಸಮ್ಮ, ರಿಮ್ ಮೇಲೆ ಓಡಿಸಬೇಡ" ಅಂದರು ಅಪ್ಪ.

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ನಾವು ಹೋಗಿದ್ದು ನಾಲ್ಕು ದಿನಕ್ಕೆ. ನಾನು, ಹತ್ತು ವರ್ಷದ ಮಗ, ಹಾಸನದಿಂದ ಬಂದಿದ್ದ ಅಪ್ಪ. ಬ್ಯಾಡ್‌ವಾಟರ್‌ನಲ್ಲಿ ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ ನಿಂತು ಫೋಟೊ ತೆಗೆದುಕೊಂಡೆವು, ಮರಳು ದಿಬ್ಬ ಹತ್ತಿದೆವು. ಆದರೆ ಮನಸ್ಸಲ್ಲಿ ಉಳಿದದ್ದು ಮೂರನೆಯ ದಿನ, ನಡೆಯುವ ಕಲ್ಲುಗಳಿರುವ ರೇಸ್‌ಟ್ರ್ಯಾಕ್ ಪ್ಲಾಯಾಕ್ಕೆ ಹೋಗುವ 27 ಮೈಲಿ ಕಲ್ಲುದಾರಿ.

ನಮ್ಮದು ಸೆಕೆಂಡ್ ಹ್ಯಾಂಡ್ ಸ್ಪ್ರಿಂಟರ್ ವ್ಯಾನು, ಫೋರ್ ವೀಲ್ ಡ್ರೈವ್. ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಸೇರಿ ಮೂರೂವರೆ ಟನ್ ತೂಗುತ್ತದೆ. ಟೈರು ಹುಡುಕುವಾಗ ನಾನು ಮೊದಲು ನೋಡಿದ್ದು ಗ್ರಿಪ್ ಅಲ್ಲ, ಹೊರೆ. ಟೈರಿನ ಮೇಲೆ ಲೋಡ್ ರೇಂಜ್ ಇ ಅಂತ ಇರಬೇಕು. ಅಂದರೆ 10 ಪ್ಲೈ, ಹತ್ತು ಪದರದ ಲೆಕ್ಕದ ಗಟ್ಟಿತನ. ಕಾರಿನ ಟೈರು ಎಷ್ಟೇ ಒರಟಾಗಿ ಕಂಡರೂ ಈ ಭಾರಕ್ಕೆ ಆಗುವುದಿಲ್ಲ. ಕೆಸರಿಗೆಂದೇ ಮಾಡಿದ, ದಪ್ಪ ರಬ್ಬರ್ ಹಲ್ಲುಗಳ ಮಡ್ ಟೆರೇನ್ ಟೈರು ನನಗೆ ಇಷ್ಟವಾಗಲಿಲ್ಲ. ನಾವು ನೂರಕ್ಕೆ ತೊಂಬತ್ತು ಪಾಲು ಓಡುವುದು ಡಾಂಬರಿನ ಮೇಲೆ. ಅಷ್ಟು ಹೊತ್ತು ಆ ಗುಂಯ್ ಸದ್ದು ಯಾರಿಗೆ ಬೇಕು? ಕೊನೆಗೆ ಬಿಎಫ್‌ಗುಡ್‌ರಿಚ್ ಕೆಓ2 ಆಲ್ ಟೆರೇನ್, ಅಂದರೆ ಡಾಂಬರು, ಕಲ್ಲುದಾರಿ ಎರಡಕ್ಕೂ ಆಗುವ ಟೈರು ಹಾಕಿಸಿದೆ. ಹಳೆಯ ಅಳತೆ 245/75 ಆರ್16, ಹೊಸದು 265/75 ಆರ್16. ಟೈರಿನ ಎತ್ತರ 30 ಮಿಲಿಮೀಟರ್ ಜಾಸ್ತಿ ಆಯಿತು. ಅದರಲ್ಲಿ ಅರ್ಧ, ಅಂದರೆ 15 ಮಿಲಿಮೀಟರ್ ಮಾತ್ರ ವ್ಯಾನನ್ನು ಮೇಲೆತ್ತುತ್ತದೆ. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾಗಿ ಸುಮಾರು 104ರಲ್ಲಿ ಹೋಗುತ್ತಿರುತ್ತೇವೆ. ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಬ್ರೇಕ್ ಸ್ವಲ್ಪ ತಡವಾಗಿ ಹಿಡಿಯುತ್ತದೆ. ಒಂದು ತಿಂಗಳಲ್ಲಿ ಅಭ್ಯಾಸ ಆಯಿತು.

ನಾಲ್ಕು ಟೈರು ಹಾಕಿಸಿ ಮನೆಗೆ ತಂದ ದಿನ ಅಪ್ಪ ವ್ಯಾನಿನ ಕೆಳಗೆ ಬಗ್ಗಿ ನೋಡಿದರು. "ಸ್ಟೆಪ್ನಿ ಹಳೇದೇ ಬಿಟ್ಟಿದ್ದಾರಲ್ಲ?"

"ಅಂಗಡಿಯವರು ಅದೇ ಸಾಕು ಅಂದರಪ್ಪ. ಐದನೆಯದು ದುಡ್ಡು ದಂಡ ಅಂದರು."

ಅಪ್ಪ ಮತ್ತೇನೂ ಹೇಳಲಿಲ್ಲ. ಕೆಎಸ್‌ಆರ್‌ಟಿಸಿ ಡಿಪೋದ ಟೈರ್ ಸೆಕ್ಷನ್‌ನಲ್ಲಿ 31 ವರ್ಷ ಕೆಲಸ ಮಾಡಿದವರು. ನಾನು ಅವತ್ತು ಇನ್ನೊಂದು ಮಾತು ಕೇಳಬೇಕಿತ್ತು.

ಡಾಂಬರು ಮುಗಿಯುವುದು ಯೂಬಿಹೀಬಿ ಎಂಬ ಜ್ವಾಲಾಮುಖಿ ಕುಳಿಯ ಹತ್ತಿರ. ಅಲ್ಲಿ ನಾಲ್ಕೂ ಟೈರಿನ ಗಾಳಿ ಇಳಿಸಿದೆ. 60 ಪಿಎಸ್‌ಐ ಆಸುಪಾಸಿನಲ್ಲಿದ್ದ ಒತ್ತಡವನ್ನು 28ಕ್ಕೆ ತಂದೆ. ವಿಡಿಯೊಗಳಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಮುಂದೆ ದಾರಿ ತುಂಬ ಅಲೆಅಲೆ, ತಗಡಿನ ಶೀಟಿನ ಮೇಲೆ ಓಡಿಸಿದ ಹಾಗೆ. ಪಾತ್ರೆಗಳು ಒಂದೇ ಸಮ ಗಡಗಡ. ಗಾಳಿ ಇಳಿಸಿದ್ದಕ್ಕೆ ಮೈ ನೋವು ಕಮ್ಮಿ ಆಗಿದ್ದು ನಿಜ. ಇಕ್ಕೆಲಗಳಲ್ಲಿ ಜೋಶುವಾ ಮರಗಳು. ಟೀಕೆಟಲ್ ಜಂಕ್ಷನ್‌ನಲ್ಲಿ ಒಂದು ಮರದ ಫಲಕ, ಅದಕ್ಕೆ ಬಂದವರೆಲ್ಲ ಹೆಸರು ಬರೆದು ನೇತುಹಾಕಿದ ಟೀ ಕೆಟಲುಗಳು. ಮಗ ಎಲ್ಲ ಹೆಸರನ್ನೂ ಜೋರಾಗಿ ಓದಿದ.

ಅಲ್ಲಿಂದ ಹೊರಟು ಹತ್ತು ನಿಮಿಷಕ್ಕೇ ಆ ಬುಸ್ ಸದ್ದು.

ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಭಾಗ, ಎರಡು ಬೆರಳು ಅಗಲ ಸೀಳಿತ್ತು. ಗ್ರಿಪ್ ಇರುವ ಕಡೆ ತೂತಾದರೆ ಪ್ಲಗ್ ತುರುಕಿ ಮುಂದೆ ಹೋಗಬಹುದು. ಸೈಡ್‌ವಾಲ್ ಸೀಳಿದರೆ ಆ ಟೈರು ಮುಗಿಯಿತು ಅಂತಲೇ. ಫೋನಿಗೆ ಸಿಗ್ನಲ್ ಇಲ್ಲ. ನಾನು ಸ್ಪ್ಯಾನರ್ ಹಾಕಿ ಪೂರ್ತಿ ಮೈಭಾರ ಬಿಟ್ಟರೂ ಒಂದು ಬೋಲ್ಟೂ ಅಲುಗಲಿಲ್ಲ. ಅಂಗಡಿಯಲ್ಲಿ ಗಾಳಿಗನ್ನಿನಿಂದ ಅಷ್ಟು ಬಿಗಿದಿದ್ದರು. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ದಯವಿಟ್ಟು ಟೈರು ಹಾಕಿಸಿಕೊಂಡು ಬಂದ ದಿನವೇ ಮನೆ ಮುಂದೆ ಎಲ್ಲ ಬೋಲ್ಟನ್ನೂ ನಿಮ್ಮ ಸ್ಪ್ಯಾನರ್‌ನಲ್ಲೇ ಒಮ್ಮೆ ಬಿಚ್ಚಿ, ಟಾರ್ಕ್ ರೆಂಚಿನಲ್ಲಿ ಲೆಕ್ಕಕ್ಕೆ ಸರಿಯಾಗಿ ಬಿಗಿಯಿರಿ.

ಮುಕ್ಕಾಲು ಗಂಟೆ ಕಳೆದ ಮೇಲೆ ಹಳೆಯ ಟೊಯೊಟಾ ಪಿಕಪ್ ಒಂದು ಬಂತು. ಎಪ್ಪತ್ತು ದಾಟಿದ ಗಂಡ ಹೆಂಡತಿ. ಗಂಡ ಲಾರಿ ಮೆಕ್ಯಾನಿಕ್ ಆಗಿದ್ದವರಂತೆ. ಇಳಿದವರೇ ನನ್ನ ಜೊತೆ ಮಾತಾಡಲಿಲ್ಲ, ಸೀದಾ ಟೈರಿನ ಹತ್ತಿರ ಕೂತರು. ಅಪ್ಪ ಆಗಲೇ ಅಲ್ಲಿ ಕೂತಿದ್ದರು.

ಅಪ್ಪನಿಗೆ ಇಂಗ್ಲಿಷ್ ಮಾತಾಡಲು ಸಂಕೋಚ. ಬಂದು ಒಂದೂವರೆ ತಿಂಗಳಾದರೂ ಅಕ್ಕಪಕ್ಕದವರಿಗೆ ನಗು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಇಲ್ಲಿ ನಾನು ಮಧ್ಯೆ ಬಾಯಿ ಹಾಕುವ ಮೊದಲೇ ಮಾತು ಶುರುವಾಗಿತ್ತು. ಅಪ್ಪ ಬೋಲ್ಟ್ ತೋರಿಸಿ "ಪೈಪ್ ಇದೆಯಾ, ಪೈಪ್?" ಅಂದರು. ಅವರು ತಲೆಯಾಡಿಸಿ ಪಿಕಪ್ಪಿನಿಂದ ನಾಲ್ಕಡಿ ಪೈಪು ತಂದು ಸ್ಪ್ಯಾನರ್ ಹಿಡಿಗೆ ತೂರಿಸಿದರು. ಇಬ್ಬರೂ ಸೇರಿ ಒತ್ತಿದರು. ಟಕ್ ಅಂತ ಮೊದಲನೆಯದು ಬಿಟ್ಟಿತು. ಅಪ್ಪನ ಟೈರಿನ ಕನ್ನಡದಲ್ಲಿ ಜಾಕ್, ಬೋಲ್ಟು, ರಿಮ್ಮು, ಏರ್ ಎಲ್ಲ ಇಂಗ್ಲಿಷೇ ಅಲ್ವಾ! ಅದು ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ಅವರಿಗೆ ಅರ್ಥವಾಗದೇ ಹೋದದ್ದು ಒಂದೇ ಪದ, ಸ್ಟೆಪ್ನಿ. ಅದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯ ಹೆಸರಿನಿಂದ ಬಂದದ್ದು, ನಮ್ಮ ದೇಶದಲ್ಲಿ ಎಲ್ಲರ ಬಾಯಲ್ಲೂ ಇದೆ ಅಂತ ಹೇಳಿದೆ. ಅವರು ಎರಡು ಸಲ ಹೇಳಿ ನೋಡಿಕೊಂಡರು.

ಗಾಳಿ ಎಷ್ಟಿತ್ತು ಅಂತ ಕೇಳಿದರು. 28 ಅಂದೆ. ಅವರು ಉಳಿದ ಟೈರೊಂದರ ಪಕ್ಕಕ್ಕೆ ಅಂಗೈ ಇಟ್ಟು, ಹೊರಗೆ ಉಬ್ಬಿದ್ದನ್ನು ತೋರಿಸಿದರು. ಅಪ್ಪ ಕನ್ನಡದಲ್ಲಿ ಅದೇ ಹೇಳಿದರು. "ಹೊಟ್ಟೆ ಬಿಟ್ಟಿದೆ ನೋಡು. ಭಾರದ ಗಾಡಿ, ಗಾಳಿ ಕಮ್ಮಿ. ಗ್ರಿಪ್ಪಿನ ಮೇಲೆ ಹೋಗಬೇಕಾದ ಕಲ್ಲು ಹೊಟ್ಟೆಗೆ ತಗುಲಿದೆ." ಮರಳಿಗೆ, ಹಗುರ ಜೀಪಿಗೆ 28 ಸರಿ. ಚೂಪುಗಲ್ಲಿನ ದಾರಿಗೆ, ಈ ತೂಕಕ್ಕೆ 45 ಬೇಕು, ವೇಗ ಗಂಟೆಗೆ 15 ಮೈಲಿ ದಾಟಬಾರದು ಅಂದರು ಅವರು.

ಆಮೇಲೆ ಸ್ಟೆಪ್ನಿ ಇಳಿಸಿದೆವು. 30 ಮಿಲಿಮೀಟರ್ ಗಿಡ್ಡ. ನಾನು ಅದನ್ನು ಹಿಂದಿನ ಚಕ್ರಕ್ಕೆ ತಳ್ಳಿಕೊಂಡು ಹೋದೆ. ಇಬ್ಬರೂ ಒಟ್ಟಿಗೆ ಕೈ ಅಡ್ಡ ಹಿಡಿದರು. ನನಗೆ ನಿಜಕ್ಕೂ ಮೈ ಜುಂ ಅಂತು. ಅಪ್ಪ ಹೇಳಿದರು, "ಜೋಡಿ ಟೈರಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದೇ ಭಾರ ಹೊತ್ತು ಕಾದು ಸಿಡಿಯುತ್ತೆ. ಇದೂ ಹಾಗೇನೇ. ಗಾಡಿ ತಳ್ಳುವ ಅಚ್ಚಿನಲ್ಲಿ ಎರಡು ಅಳತೆ ಇರಬಾರದು." ಆ ಮೆಕ್ಯಾನಿಕ್ ಹಿರಿಯರದು ಡಿಫರೆನ್ಶಿಯಲ್ ಲೆಕ್ಕ, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳದ್ದು. ಫೋರ್ ವೀಲ್ ಬಟನ್ ಒತ್ತದಿದ್ದಾಗ ಈ ವ್ಯಾನನ್ನು ತಳ್ಳುವುದು ಹಿಂದಿನ ಚಕ್ರಗಳು. ಅಲ್ಲಿ ಒಂದು ಗಿಡ್ಡ ಇದ್ದರೆ ಡಿಫರೆನ್ಶಿಯಲ್ ನೇರ ದಾರಿಯಲ್ಲೂ ಸುಮ್ನೆ ತಿರುಗಿ ತಿರುಗಿ ಬಿಸಿಯಾಗುತ್ತದೆ. ಹಾಗಾಗಿ ಮೊದಲು ಮುಂದಿನ ಎಡ ಚಕ್ರ ಎತ್ತಿ, ದೊಡ್ಡ ಟೈರು ಬಿಚ್ಚಿ, ಗಿಡ್ಡದನ್ನು ಅಲ್ಲಿಗೆ ಹಾಕಿದೆವು. ಬಿಚ್ಚಿದ ದೊಡ್ಡದನ್ನು ಹಿಂದಕ್ಕೆ. ಎರಡು ಸಲ ಜಾಕ್, ಹನ್ನೆರಡು ಬೋಲ್ಟು. ಫೋರ್ ವೀಲ್ ಬಟನ್ ಮುಟ್ಟಬಾರದು ಅಂತ ಮೂರು ಸಲ ಹೇಳಿದರು.

"ಇನ್ನು ನಾಲ್ಕೇ ಮೈಲಿ. ನೋಡದೆ ವಾಪಸ್ ಹೋಗಬೇಡಿ, ನಾವು ಹಿಂದೆ ಇರುತ್ತೇವೆ" ಅಂದರು ಅವರ ಹೆಂಡತಿ.

ಪ್ಲಾಯಾ ಅಂದರೆ ಒಣಗಿದ ಕೆರೆಯ ತಳ. ಬಿರುಕು ಬಿಟ್ಟ ಮಣ್ಣು, ನೆಲ ಒರೆಸಿದ ಹಾಗೆ ಸಪಾಟು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲು, ಪ್ರತಿ ಕಲ್ಲಿನ ಹಿಂದೆ ತಾನು ಬಂದ ದಾರಿಯ ಗೀರು. ಕೆಲವು ನೇರ, ಕೆಲವು ತಟ್ಟನೆ ತಿರುಗಿವೆ. ಯಾರೂ ಎಳೆದದ್ದಲ್ಲ. 2013ರ ಡಿಸೆಂಬರಿನಲ್ಲಿ ಸಂಶೋಧಕರಾದ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಇದನ್ನು ಕಣ್ಣಾರೆ ನೋಡಿದರು. ಚಳಿಗಾಲದಲ್ಲಿ ತೆಳುವಾಗಿ ನಿಂತ ನೀರು ರಾತ್ರಿ ಹೆಪ್ಪುಗಟ್ಟಿ, ಬಿಸಿಲಿಗೆ ಒಡೆದು, ಕೆಲವೇ ಮಿಲಿಮೀಟರ್ ದಪ್ಪದ ಐಸ್ ಹಾಳೆಗಳು ಸಣ್ಣ ಗಾಳಿಗೆ ತೇಲುತ್ತಾ ಕಲ್ಲುಗಳನ್ನು ತಳ್ಳುತ್ತವೆ. ನಿಮಿಷಕ್ಕೆ ಕೆಲವು ಮೀಟರ್, ಅಷ್ಟೇ.

ಅಪ್ಪ ಒಂದು ಗೀರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತುಂಬ ಹೊತ್ತು ನೋಡಿದರು. ಆ ಹಿರಿಯರೂ ಬಂದು ಪಕ್ಕದಲ್ಲಿ ಕೂತರು. ನಾನು ಏನನ್ನೂ ಅನುವಾದ ಮಾಡಲಿಲ್ಲ.

ವಾಪಸ್ ಬರುವಾಗ ಇಡೀ ದಾರಿ ಅವರ ಹೆಡ್‌ಲೈಟು ನನ್ನ ಕನ್ನಡಿಯಲ್ಲಿತ್ತು. ಯೂಬಿಹೀಬಿ ಮುಟ್ಟಿದಾಗ ಪೂರ್ತಿ ಕತ್ತಲು. ಕಂಪ್ರೆಸರ್ ಹಚ್ಚಿ ಒಂದೊಂದೇ ಟೈರಿಗೆ 60ರವರೆಗೆ ಗಾಳಿ ತುಂಬಿದೆವು. ಅಪ್ಪ ಮೀಟರ್ ಹಿಡಿದರು, ಅವರು ಟಾರ್ಚ್ ಹಿಡಿದರು. ಹೊರಡುವಾಗ ಅವರು ಕಿಟಕಿ ಇಳಿಸಿ, ಕೈ ಎತ್ತಿ ಅಪ್ಪನಿಗೆ ಕೂಗಿ ಹೇಳಿದರು.

"ಸ್ಟೆಪ್ನಿ!"