ಬೆನ್ನೆಲುಬು ಬಾಗಿದ ಹಡಗು

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕತ್ತರಿ ಹಿಡಿದು ಕೂರುವ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೆ ಕಾರಣ ಫ್ಯಾನು. ರಾಯಚೂರಿನ ಮೇ ತಿಂಗಳು ಗೊತ್ತಲ್ವಾ? 42 ಡಿಗ್ರಿ. ಫ್ಯಾನ್ ಹಾಕಿದರೆ ಉಗುರಿನಷ್ಟಿರುವ ಕಾಗದದ ತುಂಡುಗಳು ಮಂಚದ ಕೆಳಗೆ, ದೇವರ ಗೂಡಿನ ಹಿಂದೆ ಹಾರುತ್ತವೆ. ಒಂದು ತುಂಡು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಆರಿಸಿದರೆ ಬೆವರ ಹನಿ ಬಿದ್ದು ಕಾಗದ ಉಬ್ಬುತ್ತದೆ. ಮುಚ್ಚಳಕ್ಕೆ ಸುರಿದ ಫೆವಿಕಾಲ್ ಎರಡೇ ನಿಮಿಷಕ್ಕೆ ಹಾಲಿನ ಹಾಗೆ ಕೆನೆ ಕಟ್ಟುತ್ತದೆ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡ ಜಿಲ್ಲೆಯಲ್ಲಿ, ಕರೆಂಟು ಇದ್ದಾಗಲೂ ಬೇಕಂತಲೇ ಫ್ಯಾನ್ ಆರಿಸಿ ಕೂತಿದ್ದೆ. ಹಾಗಾಗಿ ತಂಪು ಹೊತ್ತಲ್ಲೇ ಕೆಲಸ, ಏಳು ಗಂಟೆಗೆ ಬಂದ್.

ಮಾಡುತ್ತಿದ್ದದ್ದು ಡಿಸ್ಕವರಿಯ ಕಾಗದದ ಮಾಡೆಲ್. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದಲ್ಲಿ ಗುರುಗ್ರಹಕ್ಕೆ ಹೊರಡುವ ಹಡಗು. ಮುಂದೆ ಜನ ಇರುವ ದೊಡ್ಡ ಚೆಂಡು, ಹಿಂದೆ ಎಂಜಿನ್, ನಡುವೆ ಉದ್ದಾನುದ್ದ ಬೆನ್ನೆಲುಬು. ಸಿನಿಮಾಕ್ಕೆ ಕಟ್ಟಿದ ಮಾಡೆಲ್ಲೇ 54 ಅಡಿ ಇತ್ತಂತೆ. ನನ್ನದು 62 ಸೆಂಟಿಮೀಟರ್. ಪ್ರಿಂಟ್ ಹಾಕಿ ಕತ್ತರಿಸಬೇಕಾದ ನಕ್ಷೆ ಪಿಡಿಎಫ್‌ನಲ್ಲಿ 14 ಪುಟ, ಎಣಿಸಿದರೆ 312 ತುಂಡು.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆಗಳೇ ಜಾಸ್ತಿ. ಹೆಸರು ತಪ್ಪಾಗಿ ಕೆಟ್ಟುಹೋದ ಶೀಟುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. 200 ಜಿಎಸ್‌ಎಂನ ದಪ್ಪ ಕಾಗದ, ಒಂದು ಬದಿ ಖಾಲಿ. ನನಗೆ ಇನ್ನೇನು ಬೇಕು? ಮಾಲೀಕರನ್ನು ಕೇಳಿ ತಂದೆ. ಅದಕ್ಕೇ ನನ್ನ ಹಡಗಿನ ಒಳಗೋಡೆಯ ತುಂಬಾ ಅರ್ಧರ್ಧ ಗಣಪಂದಿರು ಇದ್ದಾರೆ. ಹೊರಗಿನಿಂದ ಕಾಣುವುದಿಲ್ಲ, ಆದರೆ ಇದ್ದಾರೆ ಅನ್ನೋದು ನನಗೆ ಗೊತ್ತು.

ಮೊದಲ ಪೆಟ್ಟು ಚೆಂಡಿನಲ್ಲೇ ಬಿತ್ತು. ಕಾಗದ ಒಂದು ಕಡೆಗೆ ಮಾತ್ರ ಬಗ್ಗುತ್ತದೆ. ಎರಡೂ ಕಡೆಗೆ ಬಗ್ಗಿಸಲು ಹೋದರೆ ಸುಕ್ಕು. ಅದಕ್ಕೆ ಚೆಂಡನ್ನು ಮೂಸಂಬಿ ಸಿಪ್ಪೆ ಸುಲಿದ ಹಾಗೆ ಎಸಳು ಎಸಳಾಗಿ ಬಿಡಿಸಿರುತ್ತಾರೆ. ನನ್ನ ಚೆಂಡು 10 ಸೆಂಟಿಮೀಟರ್ ಅಡ್ಡಗಲ, 12 ಎಸಳು, ಒಂದೊಂದು ನಡುವಲ್ಲಿ 2.6 ಸೆಂಟಿಮೀಟರ್ ಅಗಲ. ಹನ್ನೊಂದು ಅಂಟಿಸಿದೆ. ಹನ್ನೆರಡನೆಯದು ಕೂರಲೇ ಇಲ್ಲ. ಅರ್ಧ ಸೆಂಟಿಮೀಟರ್ ಸಂದಿ. ಎಸಳುಗಳ ತುದಿಯೂ ಒಂದಕ್ಕೊಂದು ಮುಟ್ಟುತ್ತಿಲ್ಲ. ಮಾಡೆಲ್ ಬರೆದವನಿಗೆ ಮನಸಾರೆ ಬೈದೆ. ಆಮೇಲೆ ಸ್ಕೇಲ್ ಇಟ್ಟು ಅಳೆದರೆ, ಮೊದಲ ಪುಟದ ಆರು ಎಸಳು ಸರಿ ಇವೆ, ಎರಡನೇ ಪುಟದ ಆರು 97 ಪರ್ಸೆಂಟಿಗೆ ಪ್ರಿಂಟ್ ಆಗಿವೆ. 'ಫಿಟ್ ಟು ಪೇಜ್' ಒತ್ತಿದ್ದು ನಾನೇ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವಳು! ಪ್ರೆಸ್ಸಿನಲ್ಲಿ ಯಾರಿಗೂ ಹೇಳಿಲ್ಲ.

ಉಳಿದದ್ದೆಲ್ಲ ತಾಳ್ಮೆಯ ಕೆಲಸ. ರೀಫಿಲ್ ಖಾಲಿಯಾದ ಪೆನ್ನಿನಿಂದ ಗೆರೆ ಒತ್ತಿ ಮಡಚುವುದು, ಮಡಿಕೆಯಲ್ಲಿ ಪ್ರಿಂಟಿನ ಟೋನರ್ ಪುಡಿ ಬಿರಿದು ಬಿಳಿ ಕಂಡರೆ ಪೆನ್ಸಿಲ್ ಸವರುವುದು. ಮೂರು ವಾರ ಹಿಡಿಯಿತು.

ನಿಜವಾದ ತಲೆನೋವು ಬೆನ್ನೆಲುಬು. ಅದು 22 ಪುಟ್ಟ ಪೆಟ್ಟಿಗೆಗಳ ಸಾಲು, ಒಂದರ ಬೆನ್ನಿಗೆ ಒಂದು ಅಂಟಿಸಬೇಕು. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ಓರೆ. ಒಂದೊಂದೇ ನೋಡಿದರೆ ಏನೂ ಗೊತ್ತಾಗಲ್ಲ. 22 ಸೇರಿದಾಗ ಬಾಳೆಹಣ್ಣು. ಬಿಚ್ಚಿ ಮತ್ತೆ ನೇರ ಅಂಟಿಸಿದೆ. ಮುಂದೆ ಚೆಂಡಿನ ಭಾರ, ಹಿಂದೆ ಎಂಜಿನ್ ಭಾರ, ವಾರದೊಳಗೆ ನಡು ಮೇಲೆದ್ದು ಎರಡೂ ತುದಿ ಕೆಳಗೆ ಬಿದ್ದವು.

ಇಷ್ಟುದ್ದ ಯಾಕಪ್ಪಾ ಮಾಡಿದರು ಅಂದರೆ, ಅದಕ್ಕೂ ಲೆಕ್ಕ ಇದೆ. ಎಂಜಿನ್ ಅಣುಶಕ್ತಿಯದು. ವಿಕಿರಣದಿಂದ ಜನ ದೂರ ಇರಬೇಕು. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಗಾಳಿಯೇ ಇಲ್ಲದ ಕಡೆ ಮೊನಚು ಮೂತಿಯೂ ಬೇಕಾಗಿಲ್ಲ, ಎಷ್ಟುದ್ದ ಬೇಕಾದರೂ ಎಳೆಯಬಹುದು. ಭಾರವೂ ಇಲ್ಲ, ಬಾಗುವ ಭಯವೂ ಇಲ್ಲ. ತೊಂದರೆ ಏನಿದ್ದರೂ ಭೂಮಿಯ ಮೇಲೆ, ನನ್ನ ಟೇಬಲ್ಲಿನ ಮೇಲೆ.

ಬೇಸರಕ್ಕೆ ಒಂದು ಸಂಜೆ ಕೋಟೆ ಕಡೆ ಹೋದೆ. ಅಲ್ಲಿ ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ. ಒಂದೇ ಕಲ್ಲು, ನಲವತ್ತು ಅಡಿಗೂ ಜಾಸ್ತಿ ಉದ್ದ. ಅದನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಬರೆದದ್ದಕ್ಕಿಂತ ತಂದದ್ದೇ ದೊಡ್ಡ ಸುದ್ದಿ ಅನ್ನೋ ಹಾಗೆ. ಆ ಗಾಡಿಯನ್ನೇ ನೋಡುತ್ತಾ ನಿಂತೆ. ಉದ್ದದ ವಸ್ತುವಿಗೆ ಆಧಾರ ಬೇಕೇ ಬೇಕು. ನನ್ನ ಹಡಗಿಗೆ ಕೆಳಗಿನಿಂದ ಗೂಟ ಕೊಡಲು ಮನಸ್ಸಿಲ್ಲ, ಹಾರುವ ವಸ್ತುವಿಗೆ ಊರುಗೋಲು ಯಾಕೆ? ಹಾಗಾದರೆ ಒಳಗಿನಿಂದ.

ಕಾಗದದ ಮಾಡೆಲ್ಲಿನಲ್ಲಿ ಕಾಗದ ಮತ್ತು ಅಂಟು ಬಿಟ್ಟು ಬೇರೇನೂ ಇರಬಾರದು ಅನ್ನೋ ಮಡಿವಂತರಿದ್ದಾರೆ. ನಾನೂ ಅವರಲ್ಲಿ ಒಬ್ಬಳಾಗಿದ್ದೆ, ಆ ಸಂಜೆಯ ತನಕ. ಮೊದಲು ಅಗರಬತ್ತಿ ಕಡ್ಡಿ ನೋಡಿದೆ, ಗಿಡ್ಡ. ಕಸಬರಿಗೆ ಕಡ್ಡಿ, ತಾನೇ ಡೊಂಕು. ಬಾಗಿಲ ಹಿಂದೆ ಅವ್ವನ ಕರಿ ಛತ್ರಿ ನೇತಾಡುತ್ತಿತ್ತು. ಹಳೇ ಕಾಲದ ಉದ್ದ ಛತ್ರಿ, ಎಂಟು ಕಡ್ಡಿ. ಎರಡು ವರ್ಷದಿಂದ ಅವ್ವ ಅದನ್ನು ಮುಟ್ಟಿರಲಿಲ್ಲ.

ಇಕ್ಕಳದಿಂದ ಒಂದು ಕಡ್ಡಿ ಬಿಡಿಸಿದೆ. 22 ಪೆಟ್ಟಿಗೆಗಳನ್ನೂ ಮತ್ತೆ ಬಿಚ್ಚಿ, ನಟ್ಟನಡುವೆ ಸೂಜಿಯಿಂದ ತೂತು ಮಾಡಿ ಅಗಲಿಸಿ, ಮಣಿ ಪೋಣಿಸಿದ ಹಾಗೆ ಪೋಣಿಸಿದೆ. ಎರಡು ತುದಿಯನ್ನೂ ಚೆಂಡಿನೊಳಗೆ, ಎಂಜಿನ್‌ನೊಳಗೆ ತೂರಿಸಿ ಅಂಟು ಹಾಕಿದೆ. ಬೀರುವಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರೆ ದಾರ ಹಿಡಿದ ಹಾಗೆ ನೇರ.

ಅವ್ವ ಬಂದು ನೋಡಿದಳು. "ಇದೇನವ್ವ, ವಿಮಾನಾ?"

"ಹಡಗು. ಗುರುಗ್ರಹಕ್ಕ ಹೋಗೂದು."

"ಮತ್ತ ರೆಕ್ಕಿ ಎಲ್ಲವ?"

ನಗು ಬಂತು. ಶಕ್ತಿನಗರದ ಸ್ಥಾವರಕ್ಕೆ ಬಿಸಿ ಕಳೆದುಕೊಳ್ಳಲು ಪಕ್ಕದಲ್ಲೇ ಕೃಷ್ಣಾ ನದಿಯ ನೀರಿದೆ. ಬಾಹ್ಯಾಕಾಶದಲ್ಲಿ ನೀರೂ ಇಲ್ಲ, ಗಾಳಿಯೂ ಇಲ್ಲ. ಬಿಸಿಯನ್ನು ಹೊರಗೆ ಸೂಸಲು ಅಗಲವಾದ ಹಲಗೆಗಳು ಬೇಕು. ಡಿಸ್ಕವರಿಯ ಮೊದಲ ನಕ್ಷೆಗಳಲ್ಲಿ ಅವು ಇದ್ದವು. ಜನ ಅವನ್ನು ರೆಕ್ಕೆ ಅಂದುಕೊಳ್ಳುತ್ತಾರೆ ಅಂತ ಸಿನಿಮಾದವರು ತೆಗೆದುಹಾಕಿದರು. ಇಲ್ಲಿ ನೋಡಿದರೆ ಅವ್ವ ಇಲ್ಲದ ರೆಕ್ಕೆಯನ್ನೇ ಹುಡುಕುತ್ತಿದ್ದಾಳೆ. ನನ್ನ ಕೇಳಿದರೆ ಹಲಗೆ ಇರಬೇಕಿತ್ತು. ನಮ್ಮೂರಿನವರಿಗೆ ಬಿಸಿಯ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಅವ್ವ ಚೀಲ ಹಿಡಿದು ಕಾಯಿಪಲ್ಲೆಗೆ ಹೊರಟಿದ್ದಳು. ಹನ್ನೊಂದು ಗಂಟೆಯ ಬಿಸಿಲು. ಎರಡು ವರ್ಷದಲ್ಲಿ ಅವತ್ತೇ ನೆನಪಾಗಬೇಕೇ, ಬಾಗಿಲ ಹಿಂದಿನ ಛತ್ರಿ ತೆಗೆದು ಅಂಗಳದಲ್ಲಿ ಬಿಚ್ಚಿದಳು. ಒಂದು ಕಡೆ ಬಟ್ಟೆ ಜೋತುಬಿತ್ತು. ಅವ್ವ ಛತ್ರಿಯನ್ನು ನೋಡಿದಳು. ಆಮೇಲೆ ತಿರುಗಿ, ಬಾಗಿಲಿನಿಂದ ಒಳಗೆ, ಬೀರುವಿನ ಮೇಲಕ್ಕೆ ನೋಡಿದಳು.